ಹೋಗಿ ಬಂದವಳು

ಕೋಲಾರದ ಆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಸಿಮೆಂಟು ಕಿತ್ತುಹೋದ ಕಡೆಯೆಲ್ಲ ಚೆಂಡು ತನ್ನಿಷ್ಟ ಬಂದಂತೆ ಪುಟಿಯುತ್ತಿತ್ತು. ಅಂಥ ನೆಲದ ಮೇಲೆ ಆಡುವವರನ್ನು ನೋಡಿ ಅವರ ಮುಂದಿನ ಹಣೆಬರಹ ಹೇಳುವುದು ಕದಿರೇಶನ ಉಪಕಸುಬು. ಕಸುಬು ಅದೇ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ವಯಸ್ಸು ಐವತ್ತೆರಡು, ಮಂಡಿ ಎರಡೂ ಸವೆದಿವೆ, ಬಾಯಿ ಮಾತ್ರ ಇನ್ನೂ ಗಟ್ಟಿ. ಬೆಂಗಳೂರಿನಲ್ಲಿ ಮುರಳಿಮೋಹನ್ ಎಂಬ ಏಜೆಂಟಿದ್ದ, ಹೊರದೇಶದ ಲೀಗುಗಳಿಗೆ ನಮ್ಮ ಆಟಗಾರರ ಹೆಸರು ಕಳಿಸುವವನು. ವರ್ಷಕ್ಕೊಂದು ಸಲ ಫೋನು ಮಾಡಿ, "ನಿಮ್ಮ ಕಡೆ ಯಾರಾದ್ರೂ ಇದಾರಾ ಸಾರ್?" ಎಂದು ಕೇಳುತ್ತಿದ್ದ. ಹನ್ನೊಂದು ವರ್ಷ ಕದಿರೇಶ್ ಒಂದೇ ಉತ್ತರ ಕೊಟ್ಟಿದ್ದ: ಯಾರೂ ಇಲ್ಲ. ಈ ಫೆಬ್ರವರಿಯಲ್ಲಿ ಕೇಳಿದಾಗ, "ಒಬ್ಬಳಿದಾಳೆ" ಎಂದುಬಿಟ್ಟ.

ಒಬ್ಬಳು ಎಂದರೆ ಶ್ರೀವಾಣಿ. ಬಿ.ಕಾಂ. ಕೊನೇ ವರ್ಷ, ಮಾಲೂರು ತಾಲ್ಲೂಕಿನ ಟೇಕಲ್ಲಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಬಸ್ಸಿನ ಬಾಗಿಲು, ಮನೆಯ ಬಾಗಿಲು, ತರಗತಿಯ ಬಾಗಿಲು ಎಲ್ಲ ಕಡೆ ತಗ್ಗಿ ತಗ್ಗಿ, ಬಯಲಿನಲ್ಲಿ ನಿಂತಾಗಲೂ ಕತ್ತು ಒಂಚೂರು ಬಾಗಿಯೇ ಇರುತ್ತಿತ್ತು. ಕದಿರೇಶ್ ಅವಳನ್ನು ರಾಜ್ಯದ ಶಿಬಿರಕ್ಕೆ ಎರಡು ಸಲ ಕಳಿಸಿದ್ದ. ಎರಡು ಸಲವೂ ಮೂರೇ ದಿನಕ್ಕೆ ವಾಪಸ್ಸು ಬಂದಿದ್ದಳು. ಎತ್ತರ ಇದೆ, ಆಟ ಇಲ್ಲ ಎಂದರಂತೆ. ಕುರ್ಚಿಯ ಮೇಲೆ ಕೂತು ಟೀ ಕುಡಿಯುತ್ತ ಆಟ ನೋಡುವವರಿಗೆ ಎತ್ತರ ಬಿಟ್ಟು ಬೇರೇನು ಕಾಣುತ್ತದೆ ಎಂದು ಕದಿರೇಶ್ ಹಲ್ಲು ಕಡಿದಿದ್ದ.

ಅವನ ಆ ಸಿಟ್ಟು ಹಳೆಯದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನೂ ಬೆಂಗಳೂರಿಗೆ ಆಯ್ಕೆಗೆ ಹೋಗಿದ್ದ. ಬೆಳಗಿನಿಂದ ಕಾದು ಕಾದು ಅವನ ಸರದಿ ಬರುವ ಹೊತ್ತಿಗೆ, ನೋಡಲು ಬಂದಿದ್ದ ದೊಡ್ಡ ಮನುಷ್ಯ ಗಡಿಯಾರ ನೋಡಿಕೊಂಡು, ರೈಲಿಗೆ ಹೊತ್ತಾಯಿತೆಂದು ಎದ್ದು ಹೋಗಿದ್ದ. ಕದಿರೇಶ್ ಯಾರೂ ನೋಡದ ಆ ಹತ್ತು ನಿಮಿಷ ಆಡಿದ್ದ. ಜೀವನದಲ್ಲಿ ಅಷ್ಟು ಚೆನ್ನಾಗಿ ಮತ್ತೆಂದೂ ಆಡಲಿಲ್ಲ ಎಂದು ಈಗಲೂ ಹೇಳುತ್ತಾನೆ. ಹೇಳಿದಾಗಲೆಲ್ಲ ಆ ಹತ್ತು ನಿಮಿಷ ಹದಿನೈದಾಗುತ್ತದೆ, ಅದು ಬೇರೆ ಮಾತು.

ಶ್ರೀವಾಣಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳೆದ. ಆರಡಿ ಎರಡೂವರೆ ಇಂಚು. ಎರಡೂ ಕೈ ಚಾಚಿಸಿ ಅಳೆದರೆ ಆರಡಿ ಏಳು. ಆಮೇಲೆ ಒಂದು ವಾರ ದಿನಾ ಸಂಜೆ ಅವಳ ಆಟ ನೋಡಿದ. ನೆಗೆಯುವುದು ಎಲ್ಲರಿಗೂ ಬರುತ್ತದೆ. ನೆಗೆದು, ಚೆಂಡು ಕೈಗೆ ಸಿಗದೆ ಕೆಳಗೆ ಬಂದು, ಕಾಲು ನೆಲ ಮುಟ್ಟಿದ ಕೂಡಲೇ ಮತ್ತೆ ನೆಗೆಯುವುದು ಸಾವಿರಕ್ಕೆ ಒಬ್ಬರಿಗೆ ಬರುತ್ತದೆ. ಶ್ರೀವಾಣಿಗೆ ಅದು ಯಾರೂ ಕಲಿಸದೆ ಬಂದಿತ್ತು.

ಕದಿರೇಶನ ನೋಟ್‌ಬುಕ್ಕಿನಲ್ಲಿ ಒಂದು ಪದ್ಧತಿಯಿತ್ತು. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಶಿಬಿರಕ್ಕೋ ಏಜೆಂಟಿಗೋ ಕಳಿಸುವುದು. ಇಷ್ಟು ವರ್ಷ ಎರಡೂ ಪುಟದಲ್ಲಿ ಒಂದೇ ಮಾತಿರುತ್ತಿತ್ತು, ಅದು ಅವನ ಹೆಮ್ಮೆ. ಶ್ರೀವಾಣಿಯ ಎಡಪುಟದಲ್ಲಿ ಹೀಗೆ ಬರೆದ: ಎರಡನೇ ನೆಗೆತ ಅದ್ಭುತ. ಕೈ ದೊಡ್ಡದು, ಮೆತ್ತಗಿದೆ. ಎಡಗೈ ಆಟ ಇಲ್ಲವೇ ಇಲ್ಲ. ಪಕ್ಕಕ್ಕೆ ಸರಿಯುವಾಗ ಕಾಲು ನಿಧಾನ. ಚೆಂಡನ್ನು ಭುಜದಿಂದ ನೂಕುತ್ತಾಳೆ. ತನ್ನೆತ್ತರದವರ ಎದುರು ಒಂದು ದಿನವೂ ಆಡಿಲ್ಲ. ಒಳ್ಳೆ ಕಡೆ ಎರಡು ವರ್ಷ ಕಲಿತರೆ ಆಗುತ್ತಾಳೆ. ಈ ವರ್ಷ ತಗೊಳ್ಳುವುದು ಹತ್ತರಲ್ಲಿ ಒಂದು ಪಾಲು. ಬಲಪುಟಕ್ಕೆ ಮೊದಲ ಎರಡು ವಾಕ್ಯ ಬರೆದು, ಪೆನ್ನಿನ ಮುಚ್ಚಳ ಹಾಕಿದ.

ಬಲಪುಟದ ಜೊತೆಗೆ ಕಳಿಸಿದ ವೀಡಿಯೊ, ಜನನ ಪತ್ರ ನೋಡಿದ ಮುರಳಿಮೋಹನ್ ಆವತ್ತೇ ಫೋನು ಮಾಡಿದ. ಆಸ್ಟ್ರೇಲಿಯಾ ಕಡೆಯ ಒಂದು ಹೊಸ ಮಹಿಳಾ ಲೀಗಿನಲ್ಲಿ ಜುಲೈಯಲ್ಲಿ ಡ್ರಾಫ್ಟು. ಎಂಟು ತಂಡಗಳು ಸರದಿಯ ಮೇಲೆ ಒಂದೊಂದು ಹೆಸರು ಕೂಗಿ ಹೊರದೇಶದ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ದಿನ. ಮೂರು ಸುತ್ತು, ಇಪ್ಪತ್ತನಾಲ್ಕು ಹೆಸರು. ಶರತ್ತು ಒಂದೇ, ಆವತ್ತಿಗೆ ಇಪ್ಪತ್ತೊಂದು ವರ್ಷ ತುಂಬಿರಬಾರದು.

"ಜನನ ಪತ್ರ ಕಳಿಸಿದೀರಲ್ಲ ಸಾರ್, ಅದರ ಪ್ರಕಾರ ಹುಡುಗಿಗೆ ಇಪ್ಪತ್ತೆರಡಾಗೋಗಿದೆ" ಅಂದ ಮುರಳಿಮೋಹನ್. "ಎರಡು ಸಾವಿರದ ಎರಡು, ನವೆಂಬರ್. ಸುಮ್ನೆ ನನ್ ಟೈಮ್ ವೇಸ್ಟ್ ಮಾಡಿದ್ರಿ."

ಕದಿರೇಶನಿಗೆ ನಂಬಿಕೆ ಬರಲಿಲ್ಲ. ಕಳೆದ ವರ್ಷಕ್ಕೂ ಈ ವರ್ಷಕ್ಕೂ ಆ ಹುಡುಗಿ ಅರ್ಧ ಇಂಚು ಬೆಳೆದಿದ್ದಳು. ಮೂವತ್ತು ವರ್ಷದಿಂದ ಮಕ್ಕಳ ಮಂಡಿ, ಮಣಿಕಟ್ಟು ನೋಡಿದ ಕಣ್ಣು ಅವನದು. ಕಾಗದದಲ್ಲಿ ವಯಸ್ಸು ಇಳಿಸಿ ಆಡಿಸುವ ಎಷ್ಟೋ ಕಳ್ಳರನ್ನು ಹಿಡಿದಿದ್ದ. ವಯಸ್ಸು ಏರಿಸಿಕೊಂಡು ಬಂದವರನ್ನು ಮಾತ್ರ ಒಬ್ಬರನ್ನೂ ಕಂಡಿರಲಿಲ್ಲ. ಮಾರನೇ ದಿನವೇ ಟೇಕಲ್ಲಿಗೆ ಬಸ್ಸು ಹತ್ತಿದ.

ಶ್ರೀವಾಣಿಯ ತಾಯಿ ಮುನಿಯಲ್ಲಮ್ಮ ರೇಷ್ಮೆಹುಳದ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಶ್ರೀನಿವಾಸಪುರದ ಕಡೆಯ ಹೆಣ್ಣು, ಮನಸ್ಸು ತುಂಬಿ ಬಂದರೆ ತೆಲುಗಿಗೆ ಇಳಿಯುವವಳು. ತಂದೆ ಗಂಗುಲಪ್ಪ ಹಿಪ್ಪುನೇರಳೆ ತೋಟದಿಂದ ಬಂದು, ಮೇಷ್ಟ್ರಿಗೆ ಕುರ್ಚಿ ಹಾಕಿ, ತಾನು ಜಗುಲಿಯ ತುದಿಯಲ್ಲಿ ಕೂತ. ಮಾತು ಕಮ್ಮಿಯ ಮನುಷ್ಯ.

"ನಿಮ್ಮ ಮಗಳಿಗೆ ವಯಸ್ಸೆಷ್ಟಮ್ಮಾ?" ಎಂದು ಕದಿರೇಶ್ ಕೇಳಿದ.

"ಯಾವ ಲೆಕ್ಕದಲ್ಲಿ ಸಾ?" ಅಂದಳು ಮುನಿಯಲ್ಲಮ್ಮ.

ಕದಿರೇಶನಿಗೆ ನಗು ಬಂತು. "ಎಷ್ಟು ಲೆಕ್ಕ ಇಟ್ಟಿದೀರಮ್ಮಾ?"

"ತಿರುಗಿ ಬಂದಿದ್ ಲೆಕ್ಕದಲ್ಲಿ ಇಪ್ಪತ್ತು. ಮೊದಲ್ನೇ ಲೆಕ್ಕದಲ್ಲಿ ಇಪ್ಪತ್ತೆರಡು."

ಅವಳು ಕೈಯ ಸೊಪ್ಪು ಬಿಡದೆ, ನಿನ್ನೆ ಸಂತೆಗೆ ಹೋಗಿ ಬಂದ ಸುದ್ದಿಯ ಹಾಗೆ ಹೇಳಿದಳು. ಮೊದಲು ಶ್ರೀವಾಣಿ ಹುಟ್ಟಿದ್ದು ಮಾಲೂರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲೇ ಕಾಗದ ಕೊಟ್ಟರು. ಹದಿನಾಲ್ಕು ತಿಂಗಳಿಗೆ ಜ್ವರ ಬಂತು. ಮೂರನೇ ದಿನ ಕೋಲಾರಕ್ಕೆ ಕರಕೊಂಡು ಹೋಗೋಣವೆಂದು ಬಸ್ಸಿಗೆ ಕಾಯುತ್ತಿದ್ದಾಗ ಮಡಿಲಲ್ಲೇ ಮೈ ತಣ್ಣಗಾಯಿತು. ಮಣ್ಣಿಗೆ ಇಡುವ ಮೊದಲು ಮುನಿಯಲ್ಲಮ್ಮನ ತಾಯಿ ಕೂಸಿನ ಎಡಗಾಲಿನ ಹಿಮ್ಮಡಿಗೆ ಕಾಡಿಗೆಯ ಬೊಟ್ಟಿಟ್ಟು, "ಗುರುತು ಇಟ್ಟಿದೀನಿ ತಲ್ಲೀ, ಇದೇ ಮಡಿಲಿಗೆ ಬಾ" ಎಂದು ಹೇಳಿ ಕಳಿಸಿದಳು. ಅವರ ಕಡೆ ಹಾಗೆ ಮಾಡುವುದುಂಟು. ಹದಿಮೂರು ತಿಂಗಳಿಗೆ ತವರಿನ ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಎಡಗಾಲಿನ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ. ಅದೇ ಹೆಸರಿನಿಂದಲೇ ಕರೆದರು.

"ಲೇ ಶ್ರೀವಾಣಿ, ಇಲ್ಲಿ ಬಾ. ಮೇಷ್ಟ್ರಿಗೆ ಕಾಲು ತೋರ್ಸು."

ಶ್ರೀವಾಣಿ ಒಳಗಿಂದ ತಲೆ ತಗ್ಗಿಸಿಕೊಂಡು ಬಂದಳು. ನಾಚಿಕೊಳ್ಳುತ್ತ ಗೋಡೆ ಹಿಡಿದು ಕಾಲು ಎತ್ತಿದಳು. ಹುಣಸೆ ಬೀಜದಷ್ಟು ಮಚ್ಚೆ. ಮುನಿಯಲ್ಲಮ್ಮ ಅದನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿ ಬಿಟ್ಟಳು. ದಿನಾ ಎಷ್ಟೋ ಸಲ ಸವರಿದ ಅಭ್ಯಾಸ ಆ ಬೆರಳಿಗಿತ್ತು.

ಶಾಲೆಗೆ ಸೇರಿಸುವಾಗ ಕಾಗದ ಕೇಳಿದರು. ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಕಾಗದ, ಅದರಲ್ಲಿ ಇದ್ದದ್ದು ಇವಳದೇ ಹೆಸರು. ಕೊಟ್ಟಳು. ಐದು ವರ್ಷದ ಮಗುವನ್ನು ಏಳು ತುಂಬಿದ್ದು ಎಂದರೆ ಯಾರಾದರೂ ನಂಬುತ್ತಾರೆಯೇ? ಶ್ರೀವಾಣಿಯ ಎತ್ತರ ನೋಡಿದ ಹೆಡ್ ಮೇಷ್ಟ್ರು ನಂಬಿದ್ದಷ್ಟೇ ಅಲ್ಲ, ಇಷ್ಟು ವರ್ಷ ಮಗುವನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡುತ್ತಿದ್ದಿರಿ ಎಂದು ಬೈದಿದ್ದರು.

"ನಾನೇನ್ ಸುಳ್ಳು ಕೊಡ್ಲಿಲ್ಲ ಸಾ" ಅಂದಳು ಮುನಿಯಲ್ಲಮ್ಮ. "ಅದೇ ಮಗು. ಹೋಗಿ ಬಂದೋಳು."

ಕದಿರೇಶ್ ಕೋಲಾರಕ್ಕೆ ಬಂದು ಪರಿಚಯದ ವಕೀಲರನ್ನು ಕೇಳಿದ. ದಾರಿ ಇತ್ತು. ಮೊದಲ ಮಗುವಿನ ಮರಣವನ್ನು ಈಗಲಾದರೂ ನೋಂದಾಯಿಸಬೇಕು, ಎರಡನೆಯದರ ಜನನವನ್ನೂ ನೋಂದಾಯಿಸಬೇಕು. ಇಷ್ಟು ತಡವಾದದ್ದಕ್ಕೆ ಎ.ಸಿ. ಸಾಹೇಬರ ಆದೇಶ ಬೇಕು, ಆಸ್ಪತ್ರೆಯ ದಾಖಲೆ ಇಲ್ಲದ್ದರಿಂದ ಎರಡಕ್ಕೂ ತಾಯಿಯ ಹೇಳಿಕೆ ಬೇಕು. ಮೂರು ನಾಲ್ಕು ತಿಂಗಳಲ್ಲಿ ಆಗುತ್ತದೆ. ಪಾಸ್‌ಪೋರ್ಟು ಇನ್ನೂ ಮಾಡಿಸದೇ ಇದ್ದದ್ದು ಒಳ್ಳೆಯದಾಯಿತು ಎಂದರು ವಕೀಲರು. ಕದಿರೇಶ್ ಕುಣಿಯುವುದೊಂದು ಬಾಕಿ. ಒಂದು ಸಹಿಯ ವಿಷಯ ಎಂದುಕೊಂಡು ಮತ್ತೆ ಟೇಕಲ್ಲಿಗೆ ಹೋದ.

ಮುನಿಯಲ್ಲಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮನೇಲಿ ಓಡಾಡ್ತಿರೋ ಮಗೂನ ಸತ್ತೋಗದೆ ಅಂತ ಬರ್ಕೊಡಾ ಅಂತೀರಾ?" ಎಂದು ಕೇಳಿದಳು.

"ಇವಳದಲ್ಲಮ್ಮಾ. ಮೊದಲ್ನೇದು."

"ಮೊದಲ್ನೇದು ಎರಡ್ನೇದು ಅಂತ ಎಲ್ಲದೆ ಸಾ?" ಅಂದು ಎದ್ದು ಹುಳದ ಮನೆಯೊಳಕ್ಕೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

"ಹೂತಿದ್ದು ನಾನು ಸಾರ್" ಅಂದ ಗಂಗುಲಪ್ಪ ಮೆಲ್ಲಗೆ. "ನಂಗೆ ಗೊತ್ತಲ್ಲ. ಅವಳ ಸಮಾಧಾನಕ್ಕೆ ಇಷ್ಟು ವರ್ಷ ನಾನೂ ಹೂಂ ಅಂದ್ಕೊಂಡ್ ಬಂದೆ. ಈಗ ಹೆಂಗೆ ಅಲ್ಲ ಅನ್ನಾದು?"

ಬಸ್ ನಿಲ್ದಾಣದವರೆಗೆ ಶ್ರೀವಾಣಿ ಜೊತೆಗೆ ಬಂದಳು. ಹೋಗಿ ಬಂದವಳು ಎಂಬುದನ್ನು ಮುದ್ದಿನ ಮಾತು ಎಂದೇ ತಿಳಿದು ಬೆಳೆದಿದ್ದಳಂತೆ. ನಿಜವಾಗಿ ಒಂದು ಮಗುವಿತ್ತು, ಅದನ್ನು ಒಂದು ಜಾಗದಲ್ಲಿ ಹೂತಿದ್ದಾರೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

"ಅಮ್ಮನ್ನ ಬಲವಂತ ಮಾಡ್ಬೇಡಿ ಸಾರ್" ಅಂದಳು. ಸ್ವಲ್ಪ ದೂರ ನಡೆದ ಮೇಲೆ, "ಆದ್ರೆ ನಂಗೂ ಒಂದ್ಸಲ ನನ್ನೆತ್ತರದೋರ ಜೊತೆ ಆಡ್ಬೇಕು ಅನ್ಸುತ್ತೆ. ಯಾರ್ ಮುಖಾನಾದ್ರೂ ನೆಟ್ಟಗೆ ನೋಡ್ಬೇಕು ಅನ್ಸುತ್ತೆ" ಅಂದಳು.

ಈ ಮಾತು ಕದಿರೇಶನ ಎದೆಗೆ ನಾಟಿತು. ಬಲವಂತ ಮಾಡಬೇಡಿ ಎಂದದ್ದನ್ನು ಅಲ್ಲೇ ಬಿಟ್ಟ, ಉಳಿದದ್ದನ್ನು ಮನೆಗೆ ಹೊತ್ತುಕೊಂಡು ಹೋದ. ಮನುಷ್ಯ ತನಗೆ ಬೇಕಾದ್ದನ್ನೇ ಕೇಳಿಸಿಕೊಳ್ಳುವುದರಲ್ಲಿ ಎಂಥ ಜಾಣ.

ಮೂರನೇ ಸಲ ಹೋದ, ಮುನಿಯಲ್ಲಮ್ಮ ಮಾತಾಡಲಿಲ್ಲ. ನಾಲ್ಕನೇ ಸಲ ಹೋದಾಗ ಮುದ್ದೆ ಸಾರು ಬಡಿಸಿದಳು. ಊಟ ಮುಗಿಸಿ ಕೈ ತೊಳೆದು ಬಂದವನ ಎದುರು ನಿಂತಳು. ಕಣ್ಣು ಕೆಂಪಗಿತ್ತು.

"ನಾನು ಬರ್ಕೊಟ್ರೆ ಅವಳನ್ನ ತಗೋತಾರಾ ಸಾ? ಖಂಡಿತಾ ತಗೋತಾರಾ?"

ನೋಟ್‌ಬುಕ್ಕು ಅವನ ಚೀಲದಲ್ಲೇ ಇತ್ತು. ಹತ್ತರಲ್ಲಿ ಒಂದು ಪಾಲು ಎಂದು ತನ್ನ ಕೈಯಾರೆ ಬರೆದದ್ದು. ಅದನ್ನೇ ಹೇಳಿದ್ದರೆ ಆಗುತ್ತಿತ್ತು. ಹತ್ತರಲ್ಲಿ ಒಂಬತ್ತು ಪಾಲು ಆಗುವುದಿಲ್ಲ ತಾಯಿ, ಒಂದು ಪಾಲಿಗೋಸ್ಕರ ಕೇಳುತ್ತಿದ್ದೇನೆ ಎಂದು ಹೇಳಿ, ಆಯ್ಕೆಯನ್ನು ಅವಳ ಕೈಗೇ ಬಿಡಬಹುದಿತ್ತು. ಆದರೆ ಅವನ ಕಣ್ಣ ಮುಂದೆ ಇದ್ದದ್ದು ರೈಲಿಗೆ ಹೊತ್ತಾಯಿತೆಂದು ಎದ್ದುಹೋದ ಮನುಷ್ಯನ ಬೆನ್ನು.

"ಖಂಡಿತಾ ಅಮ್ಮಾ" ಅಂದ. "ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ. ನನ್ನ ಮಾತು."

ಮುನಿಯಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಸರಿ" ಅಂದಳು.

ಏಪ್ರಿಲ್‌ನಲ್ಲಿ ಸ್ಥಳ ಮಹಜರಿಗೆ ಗ್ರಾಮ ಆಡಳಿತಾಧಿಕಾರಿ ಬಂದರು. ಊರಿನ ಇಬ್ಬರು ಹಿರಿಯರನ್ನು ಸಾಕ್ಷಿಗೆ ಕರೆದಿದ್ದರು. ಗಂಗುಲಪ್ಪ ತೋಟದ ಅಂಚಿನ ಹೊಂಗೆ ಮರದ ಬುಡ ತೋರಿಸಿದ. ಅಲ್ಲಿ ಗುರುತಿಗೆ ಏನೂ ಇರಲಿಲ್ಲ. ಮುನಿಯಲ್ಲಮ್ಮ ಬದುವಿನ ಮೇಲೆ, ಆ ಮರಕ್ಕೆ ಬೆನ್ನು ಹಾಕಿ ನಿಂತಿದ್ದಳು. ಇಪ್ಪತ್ತೊಂದು ವರ್ಷದಿಂದ ಆ ತೋಟದಲ್ಲಿ ಸೊಪ್ಪು ಕೊಯ್ದವಳು ಆ ಮರದ ನೆರಳಿಗೆ ಒಂದು ದಿನವೂ ಹೋಗಿಲ್ಲ ಎಂದು ಗಂಗುಲಪ್ಪ ಆಮೇಲೆ ಹೇಳಿದ.

ಮೇ ತಿಂಗಳಲ್ಲಿ ಕೋಲಾರದ ಎ.ಸಿ. ಕಚೇರಿ. ಮುನಿಯಲ್ಲಮ್ಮ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಕದಿರೇಶ್ ಬಾಗಿಲ ಬಳಿ ನಿಂತಿದ್ದ. ಒಳಗಿನ ಮಾತು ಅವನಿಗೆ ಚೆನ್ನಾಗಿ ಕೇಳುತ್ತಿತ್ತು. ಸಾಹೇಬರು ಮೃದುವಾಗಿಯೇ ಕೇಳಿದರು. "ನಿಮಗೆ ಎಷ್ಟು ಜನ ಮಕ್ಕಳು ಹುಟ್ಟಿದ್ರಮ್ಮಾ?"

ಮುನಿಯಲ್ಲಮ್ಮನ ಬಾಯಿಗೆ ಮೊದಲು ಅಭ್ಯಾಸದ ಉತ್ತರವೇ ಬಂತು. "ಒಂದು" ಅಂದಳು. ವಕೀಲರು ಕೆಮ್ಮಿದರು. ಅವಳು ತಿರುಗಿ ಬಾಗಿಲ ಬಳಿ ನಿಂತ ಕದಿರೇಶನ ಮುಖ ನೋಡಿದಳು. ಕದಿರೇಶ್ ತಲೆ ಅಲ್ಲಾಡಿಸಿದ, ಹೇಳಮ್ಮಾ ಎನ್ನುವ ಹಾಗೆ.

"ಎರಡು" ಅಂದಳು.

"ಈಗ ಎಷ್ಟು ಜನ ಇದಾರೆ?"

"ಒಂದು."

"ಇನ್ನೊಂದು?"

"ತೀರ್ಕೊಂಡ್ತು ಸಾ. ನನ್ ಮಡಿಲಲ್ಲೇ ತೀರ್ಕೊಂಡ್ತು. ಬಸ್ಸು ಬರ್ಲಿಲ್ಲ." ಅಷ್ಟು ಹೇಳಿ, ಮುಂದಿನದನ್ನೆಲ್ಲ ತೆಲುಗಿನಲ್ಲಿ ಹೇಳಿದಳು. ಸಾಹೇಬರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಹೊರಗೆ ಕದಿರೇಶ್ ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ಕೆಲಸವಾಯಿತಲ್ಲ ಎಂದು ಒಳಗೊಳಗೇ ಒಂದು ಖುಷಿ. ಆ ಖುಷಿಯನ್ನು ನೆನೆದರೆ ಅವನಿಗೆ ಇವತ್ತಿಗೂ ತನ್ನ ಮೇಲೇ ಹೇಸಿಗೆಯಾಗುತ್ತದೆ.

ಜೂನ್ ಮೊದಲ ವಾರ ಎರಡೂ ಪತ್ರ ಬಂದವು. ಒಂದರಲ್ಲಿ ಶ್ರೀವಾಣಿ ಹುಟ್ಟಿದ್ದು, ಇನ್ನೊಂದರಲ್ಲಿ ಶ್ರೀವಾಣಿ ಸತ್ತದ್ದು. ಕದಿರೇಶ್ ಎರಡರ ಪ್ರತಿಯನ್ನೂ ಮುರಳಿಮೋಹನನಿಗೆ ಕಳಿಸಿದ. ಪಟ್ಟಿಯಲ್ಲಿ ಹೆಸರು ಸೇರಿತು. ಆ ವಾರವೆಲ್ಲ ಕಾಲೇಜಿನಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದ.

ಶ್ರೀವಾಣಿ ಮಾತ್ರ ನಾಲ್ಕು ದಿನ ಅಭ್ಯಾಸಕ್ಕೆ ಬರಲಿಲ್ಲ. ಐದನೇ ದಿನ ಬಂದವಳನ್ನು ಕೇಳಿದಾಗ, ಶೂ ದಾರ ಕಟ್ಟುತ್ತಾ ಹೇಳಿದಳು. ಪತ್ರ ಬಂದ ದಿನ ಅಮ್ಮ ಒಲೆ ಹಚ್ಚಲಿಲ್ಲ. ಆವತ್ತು ಅತ್ತಷ್ಟು ಯಾವತ್ತೂ ಅತ್ತಿರಲಿಲ್ಲ. ಮೂರನೇ ದಿನಕ್ಕೆ ಹೊಂಗೆ ಮರದ ಬುಡಕ್ಕೆ ಹೋಗಿ, ಒಂದು ಲೋಟ ಹಾಲು ಹಾಕಿ, ಎಲೆಯಲ್ಲಿ ಅನ್ನ ಇಟ್ಟು, ಕಾಗೆ ಮುಟ್ಟುವವರೆಗೆ ಬಿಸಿಲಿನಲ್ಲಿ ಕೂತಿದ್ದಳು. ಅಕ್ಕಪಕ್ಕದವರು ಬಂದು ಮಾತಾಡಿಸಿ ಹೋದರು.

"ಪಾಪ ಅಮ್ಮ, ಅವಾಗ ಅಳೋದು ಉಳಿಸ್ಕೊಂಡಿತ್ತೇನೋ ಸಾರ್" ಅಂದಳು ಶ್ರೀವಾಣಿ. ದಾರ ಕಟ್ಟಿ ಮುಗಿದಿದ್ದರೂ ತಲೆ ಎತ್ತಲಿಲ್ಲ. "ನಂಗೆ ಮುಂಚೆ ದಿನಾ ಸಂಜೆ ಕಾಲು ಒತ್ತೋದು. ಹಿಮ್ಮಡಿ ಸವರೋದು. ಈಗ ಮುಟ್ಟಲ್ಲ. ಬೇಜಾರ್ ಮಾಡ್ಕೊಂಡಿಲ್ಲ, ಚೆನ್ನಾಗೇ ಮಾತಾಡ್ಸುತ್ತೆ. ಊಟ ಆಯ್ತಾ, ಇನ್ನೊಂಚೂರು ಹಾಕಾ ಅಂತ ಕೇಳುತ್ತೆ. ಮುಂಚೆ ಕೇಳ್ತಾ ಇರ್ಲಿಲ್ಲ, ಹಾಕ್ಬಿಡೋದು."

ಕದಿರೇಶ್ ಚೆಂಡು ಎತ್ತಿ ಅವಳ ಕೈಗೆ ಕೊಟ್ಟ. ಡ್ರಾಫ್ಟು ಆಗಲಿ, ವಿಮಾನ ಹತ್ತುವಾಗ ಎಲ್ಲ ಸರಿಹೋಗುತ್ತದೆ ಎಂದ. ಅವಳಿಗೆ ಹೇಳಿದನೋ ತನಗೇ ಹೇಳಿಕೊಂಡನೋ. ಆವತ್ತಿನಿಂದ ಅವಳ ಎಡಗೈಯನ್ನು ಪಳಗಿಸಲು ಹಟ ಹಿಡಿದು ನಿಂತ. ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿ ಆಡಿಸಿದ. ಹತ್ತರಲ್ಲಿ ಒಂದನ್ನು ಎರಡು ಮಾಡಬೇಕು, ಎರಡನ್ನು ಮೂರು ಮಾಡಬೇಕು ಎಂದು ಒದ್ದಾಡಿದ. ಹುಡುಗಿ ಬೆವರು ಸುರಿಸಿ ಆಡಿದಳು. ಒಂದೂವರೆ ತಿಂಗಳಲ್ಲಿ ಎಡಗೈ ಬರುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಡ್ರಾಫ್ಟಿನ ದಿನ ಅಲ್ಲಿ ಸಂಜೆಯಾದರೆ ಇಲ್ಲಿ ಮಧ್ಯಾಹ್ನ ಎರಡು ಗಂಟೆ. ಕದಿರೇಶ್ ಬೆಳಿಗ್ಗೆಯೇ ಟೇಕಲ್ಲಿಗೆ ಹೋಗಿದ್ದ. ಮುನಿಯಲ್ಲಮ್ಮ ಪಾಯಸ ಮಾಡಿದ್ದಳು. ಫೋನನ್ನು ರಾಗಿ ಡಬ್ಬಿಗೆ ಒರಗಿಸಿಟ್ಟು ನಾಲ್ವರೂ ಚಾಪೆಯ ಮೇಲೆ ಕೂತರು. ಪರದೆಯಲ್ಲಿ ಕೋಟು ಹಾಕಿದ ಹೆಂಗಸೊಬ್ಬಳು ಬಂದು ಒಂದು ಹೆಸರು ಓದುವುದು, ಎಲ್ಲೋ ಒಬ್ಬ ಹುಡುಗಿ ಎದ್ದು ನಿಂತು ಅಮ್ಮನನ್ನು ತಬ್ಬಿಕೊಳ್ಳುವುದು. ಮುನಿಯಲ್ಲಮ್ಮನಿಗೆ ಆ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ. ಪ್ರತಿ ಸಲವೂ "ನಮ್ದಾ ಸಾ?" ಎಂದು ಕೇಳುತ್ತಿದ್ದಳು. "ಇಲ್ಲಮ್ಮಾ, ಇನ್ನೂ ಇದೆ" ಎನ್ನುತ್ತಿದ್ದ ಕದಿರೇಶ್.

ಮೊದಲ ಸುತ್ತಿನಲ್ಲಿ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಎರಡನೆಯದರಲ್ಲೂ ಬರಲಿಲ್ಲ. ಮೂರನೆಯದು ಶುರುವಾದಾಗ ಮುನಿಯಲ್ಲಮ್ಮ ಕೇಳುವುದನ್ನು ನಿಲ್ಲಿಸಿ, ಪರದೆ ಬಿಟ್ಟು ಅವನ ಮುಖವನ್ನೇ ನೋಡತೊಡಗಿದಳು. ಇಪ್ಪತ್ತೆರಡು. ಇಪ್ಪತ್ತಮೂರು. ಕೊನೆಯ ಹೆಸರು ಓದುವ ಮೊದಲು ಆ ಹೆಂಗಸು ನಕ್ಕಳು. ಯಾವುದೋ ದ್ವೀಪದ ಹುಡುಗಿಯ ಹೆಸರು. ಆಮೇಲೆ ಸಂಗೀತ ಬಂತು, ಜಾಹೀರಾತು ಬಂತು.

ಶ್ರೀವಾಣಿಯೇ ಕೈ ಚಾಚಿ ಫೋನು ಆರಿಸಿದಳು. "ಪರವಾಗಿಲ್ಲ ಬಿಡಿ ಸಾರ್" ಅಂದಳು. ದನಿ ಒಡೆದಿರಲಿಲ್ಲ. ಹಸುವಿಗೆ ನೀರು ಇಟ್ಟಿಲ್ಲ ಎಂದು ಬಿಂದಿಗೆ ಎತ್ತಿಕೊಂಡು, ಬಾಗಿಲಲ್ಲಿ ತಗ್ಗಿ, ಹಿತ್ತಲಿಗೆ ಹೋದಳು. ಗಂಗುಲಪ್ಪ ಟವೆಲು ಕೊಡವಿಕೊಂಡು ತೋಟದ ಕಡೆ ನಡೆದ.

ಮುಂದಿನ ವರ್ಷ ನೋಡೋಣ ಎನ್ನುವುದಕ್ಕೂ ಇರಲಿಲ್ಲ. ಮುಂದಿನ ಫೆಬ್ರವರಿಗೆ ಇವಳಿಗೂ ಇಪ್ಪತ್ತೊಂದು ತುಂಬುತ್ತದೆ. ಕದಿರೇಶನ ಎದುರಿಗೆ ಮುನಿಯಲ್ಲಮ್ಮ ಒಬ್ಬಳೇ ಉಳಿದಿದ್ದಳು.

"ಅಮ್ಮಾ, ನಾನು ನಿಮಗೆ ಸುಳ್ಳು ಹೇಳ್ದೆ" ಅಂದ. "ಖಂಡಿತಾ ಅಂದ್ನಲ್ಲ, ಅದು ಸುಳ್ಳು. ಕಷ್ಟ ಅಂತ ನಂಗೆ ಫೆಬ್ರವರಿಲೇ ಗೊತ್ತಿತ್ತು. ಬರ್ಕೊಂಡೂ ಇದ್ದೆ."

ಅವಳು ಬೈಯಲಿ ಎಂದು ಕಾದ. ಕಾಲಿಗೆ ಬೀಳುವುದಕ್ಕೂ ಸಿದ್ಧನಿದ್ದ. ಆದರೆ ಮುನಿಯಲ್ಲಮ್ಮ ಆ ಮಾತನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಎದ್ದು ಪೆಟ್ಟಿಗೆ ತೆರೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ಕಾಗದ ತಂದು ಅವನ ಮುಂದೆ ಚಾಪೆಯ ಮೇಲಿಟ್ಟಳು. ಮರಣ ಪತ್ರ.

"ಅವ್ರು ತಗೊಳ್ಲಿಲ್ವಲ್ಲ ಸಾ" ಅಂದಳು. "ಅಂದ್ಮೇಲೆ ಇದು ಯಾಕೆ ಬೇಕು ನಮ್ಗೆ. ಆ ಸಾಹೇಬ್ರಿಗೆ ವಾಪಸ್ ಕೊಟ್ಬಿಡಾಣ. ಬೇಕಾಗಿಲ್ಲ ಅಂತ ಬರ್ಕೊಡ್ತೀನಿ, ನನ್ ಸೈನೂ ಹಾಕ್ತೀನಿ. ಮೊದಲಿದ್ದಂಗೇ ಮಾಡ್ಬಿಡ್ಲಿ."

ಕದಿರೇಶ್ ಆ ಕಾಗದವನ್ನು ನೋಡಿದ. ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹದಿನಾಲ್ಕು ತಿಂಗಳು. ಇನ್ನೊಂದು ಸುಳ್ಳು ಹೇಳಬಹುದಿತ್ತು, ನೋಡ್ತೀನಮ್ಮಾ, ಪ್ರಯತ್ನ ಮಾಡ್ತೀನಿ ಎಂದು. ಆವತ್ತು ಅದು ಬಾಯಿಗೆ ಬರಲಿಲ್ಲ.

"ಆಗಲ್ಲಮ್ಮಾ" ಅಂದ.

"ಆಗಲ್ವಾ?"

"ಆಗಲ್ಲ."

ಮುನಿಯಲ್ಲಮ್ಮ ಕಾಗದದ ಮೇಲೆ ಅಂಗೈ ಇಟ್ಟುಕೊಂಡು ಕೂತಳು. "ಹಂಗಾದ್ರೆ ಹೋಗೇಬಿಡ್ತು ನನ್ ಮಗು" ಅಂದಳು.

ಹಿತ್ತಲ ಬಾಗಿಲಲ್ಲಿ ಶ್ರೀವಾಣಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಕದಿರೇಶನಿಗೆ ಗೊತ್ತಾಗಲಿಲ್ಲ.

"ಅಮ್ಮಾ" ಅಂದಳು. "ನಾನ್ ಇಲ್ಲೇ ಇದೀನಲ್ಲಮ್ಮಾ."

ಮುನಿಯಲ್ಲಮ್ಮ ತಲೆ ಎತ್ತಿ ಮಗಳನ್ನು ನೋಡಿದಳು. ಪ್ರೀತಿಯಿಂದಲೇ ನೋಡಿದಳು. ನೆರೆಮನೆಯ ಒಳ್ಳೆಯ ಹುಡುಗಿಯೊಬ್ಬಳು ಕಷ್ಟಕಾಲಕ್ಕೆ ಬಂದು ನಿಂತರೆ ನೋಡುವ ಹಾಗೆ.

"ಹೂಂ ತಲ್ಲೀ, ನೀನಿದೀಯ" ಅಂದಳು. "ಪಾಯಸ ಆರೋಗ್ತದೆ. ಮೇಷ್ಟ್ರಿಗೆ ಒಂದ್ ಲೋಟ ಹಾಕ್ಕೊಂಡ್ ಬಾ, ನೀನೂ ಕುಡಿ."

ಶ್ರೀವಾಣಿ ಪಾಯಸ ತಂದಳು. ಕದಿರೇಶ್ ಅದನ್ನು ಕುಡಿದ.